ಅಳುವಿಗೆ ಒಂದು ಗಂಟೆಯ ಗಡುವು

ಬೆಳಗಿನ ಐದು ಗಂಟೆ. ಐವತ್ತೆಂಟು ವರ್ಷದ ದೊಡ್ಡಮ್ಮ ನಡುಮನೆಯಲ್ಲಿ ಅಂಬೆಗಾಲಿಡುತ್ತಿದ್ದಾರೆ. ಮೊಣಕಾಲುಗಳಿಗೆ ಹಳೆಯ ಟವೆಲ್ಲಿನ ತುಂಡು ಸುತ್ತಿಕೊಂಡಿದ್ದಾರೆ. ಮಂಚದ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಡುತ್ತಾರೆ, ಗೋಡೆಯ ಅಂಚಿಗೆ ಬೆರಳಾಡಿಸುತ್ತಾ ಸಾಗುತ್ತಾರೆ, ಬಾಗಿಲ ಸಂದಿಯಲ್ಲಿ ನಿಂತು ಮೂಸುತ್ತಾರೆ. ಹತ್ತು ನಿಮಿಷದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಅಂಗಿಗುಂಡಿ, ಪೆನ್ನಿನ ಮುಚ್ಚಳ, ಅರ್ಧ ಕಡಲೆಬೀಜ.

"ನಿಂತು ನೋಡಿದ್ರೆ ಮನೆ ಚೊಕ್ಕಟವಾಗೇ ಕಾಣುತ್ತೆ. ಈ ಎತ್ತರಕ್ಕೆ ಬಂದು ನೋಡಿ, ಮಕ್ಕಳ ಬಾಯಿಗೆ ಏನೇನು ಹೋಗುತ್ತೆ ಅಂತ ಆಗ ಗೊತ್ತಾಗುತ್ತೆ. ಸ್ವಲ್ಪ ಕಾಲೆತ್ತಿ," ಎನ್ನುತ್ತಾರೆ. ಕುರ್ಚಿಯ ಮೇಲೆ ಕೂತು ಬರೆದುಕೊಳ್ಳುತ್ತಿರುವ ನಮ್ಮ ಚಪ್ಪಲಿಯ ಅಡಿಯೂ ತಪಾಸಣೆಗೆ ಹೊರತಲ್ಲ.

ಬ್ರೆಡ್ ಕಾರ್ಖಾನೆಯ ಹಿಂಬದಿಯ ಓಣಿಯಲ್ಲಿ ಕೊನೆಯ ಮನೆ ಇದು. ಎರಡು ಕೋಣೆ, ಒಂದು ಅಡುಗೆಮನೆ. ಬೆಳಗಿನ ಪಾಳಿ ಆರಕ್ಕೆ ಶುರುವಾಗಿ ಎರಡಕ್ಕೆ ಮುಗಿಯುತ್ತದೆ. ಅಷ್ಟು ಹೊತ್ತು ಏಳು ಹೆಂಗಸರು ಕಾರ್ಖಾನೆಯೊಳಗೆ, ಅವರ ಏಳು ಮಕ್ಕಳು ಇಲ್ಲಿ. ಎಲ್ಲವೂ ಒಂದರಿಂದ ಮೂರು ವರ್ಷದೊಳಗಿನವು. ನಡೆಯಲು ಬರುತ್ತದೆ, ಬೀಳುವುದು ತಪ್ಪಿಲ್ಲ. ಮಾತು ಬರುತ್ತದೆ, ನಮಗೆ ಅರ್ಥವಾಗುವುದು ಕಡಿಮೆ. ಅಂಥ ವಯಸ್ಸು. ಇಪ್ಪತ್ತೆರಡು ವರ್ಷಗಳಿಂದ ಈ ಹೆಂಗಸು ನೋಡಿಕೊಳ್ಳುತ್ತಿರುವುದು ಈ ವಯಸ್ಸಿನವರನ್ನು ಮಾತ್ರ. ಓಣಿಗೆಲ್ಲ ಅವರು ದೊಡ್ಡಮ್ಮ. ಮನೆಗೆ ಫಲಕವಿಲ್ಲ.

ಮೇಜಿನ ನಾಲ್ಕೂ ಮೂಲೆಗೆ ಕಾಲುಚೀಲ ತೊಡಿಸಿದೆ. ಪ್ಲಗ್ಗಿನ ತೂತುಗಳಿಗೆ ಎರಡೆರಡು ಪದರ ಟೇಪು. ಅಡುಗೆಮನೆಯ ಬಾಗಿಲಿಗೆ ಸೊಂಟದೆತ್ತರದ ಹಲಗೆ. ದಾಟುವಾಗ ದೊಡ್ಡಮ್ಮ ದಿನಕ್ಕೆ ನಲವತ್ತು ಸಲ ಕಾಲೆತ್ತುತ್ತಾರೆ. ಇಷ್ಟಾದರೂ ಅವರ ಕಣ್ಣು ಒಂದು ಕಡೆ ನಿಲ್ಲುವುದಿಲ್ಲ. ನಮ್ಮ ಜೊತೆ ಮಾತಾಡುವಾಗ ನಮ್ಮ ಭುಜದಾಚೆ ನೋಡುತ್ತಾರೆ, ಮಾತಿನ ಮಧ್ಯೆ ಎದ್ದು ಹೋಗುತ್ತಾರೆ, ವಾಪಸು ಬಂದು ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. "ಸದ್ದು ಮಾಡೋ ಮಕ್ಕಳ ಭಯ ಇಲ್ಲ ನನಗೆ. ಗಪ್‌ಚಿಪ್ ಆದ್ರೆ ಎದೆ ಹೊಡ್ಕೊಳ್ಳುತ್ತೆ."

ಅವರಿಗೆ ಒಬ್ಬ ಸಹಾಯಕ, ಅವರ ಯಜಮಾನರು. ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದು ಹೋದ ವರ್ಷ ನಿವೃತ್ತರಾದವರು. ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸುವುದು ಅವರ ಕೆಲಸ. "ಏಳು ಸರಿ ಇದೆ. ರೈಟ್!" ಎಂದು ಕೂಗಿದರೆ ಮಕ್ಕಳೂ ಕೂಗುತ್ತವೆ. ಒಮ್ಮೆ ಎಂಟು ಬಂತಂತೆ. ಬೆವರು ಇಳಿದುಹೋಯಿತಂತೆ. ಪಕ್ಕದ ಮನೆಯ ಮಗು ತೆವಳಿಕೊಂಡು ಬಂದು ಊಟಕ್ಕೆ ಕೂತಿತ್ತು.

"ಟಿಕೆಟ್ ಇಲ್ದೆ ಹತ್ತಿತ್ತು," ಎನ್ನುತ್ತಾರೆ ಯಜಮಾನರು.

"ನೀವು ಇಳಿಸಿಬಿಡ್ತಿದ್ರಿ, ನಾನು ಇದ್ದಿದ್ದಕ್ಕೆ ಸರಿಹೋಯ್ತು," ಎನ್ನುತ್ತಾರೆ ದೊಡ್ಡಮ್ಮ.

ಐದೂಮುಕ್ಕಾಲಿಗೆ ಮೊದಲ ಮಗು ಬರುತ್ತದೆ. ಎರಡು ವರ್ಷ ಒಂದು ತಿಂಗಳಿನ ಹುಡುಗಿ. ಹಾಲು? ಬೇಡ. ಬೊಂಬೆ? ಬೇಡ. ಉಚ್ಚೆ? ಬೇಡ. ಹಾಗಾಗಿ ಈ ಮನೆಯಲ್ಲಿ ಅವಳಿಗೆ ಬೇಡಮ್ಮ ಎಂದೇ ಹೆಸರು. "ಬನ್ನಿ ಬೇಡಮ್ಮನೋರೇ, ಒಳಗೆ ದಯಮಾಡಿಸಿ," ಎನ್ನುತ್ತಾರೆ ಯಜಮಾನರು. ಉತ್ತರ ಗೊತ್ತೇ ಇದೆ.

ಬೇಡಮ್ಮನ ತಾಯಿ ಒಳಗೆ ಬರುವುದಿಲ್ಲ, ಹೊಸ್ತಿಲಲ್ಲೇ ನಿಲ್ಲುತ್ತಾಳೆ. ಬ್ರೆಡ್ ಕಟ್ಟುವ ವಿಭಾಗದಲ್ಲಿ ಅವಳದು ಖಾಯಂ ಆಗುವ ಮುಂಚಿನ ಮೂರು ತಿಂಗಳ ಪರೀಕ್ಷಾ ಅವಧಿ. ಒಂಬತ್ತು ದಿನ ಬಾಕಿ ಇದೆ. ಮಗು ಅಳು ನಿಲ್ಲಿಸದೆ ಎರಡು ಸಲ ಅವಳನ್ನು ಪಾಳಿಯ ನಡುವೆ ಕರೆಸಬೇಕಾಗಿ ಬಂದಿದೆ. ಮೂರನೆಯ ಸಲ ಎದ್ದು ಹೋದರೆ ಮರುದಿನದಿಂದ ಬರುವುದೇ ಬೇಡ ಎಂದು ಮೇಲ್ವಿಚಾರಕ ಹೇಳಿದ್ದಾನೆ. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ದೊಡ್ಡಮ್ಮ, ಇನ್ನು ಒಂಬತ್ತೇ ದಿನ. ಹೇಗಾದ್ರೂ..." ಎಂದು ಅರ್ಧಕ್ಕೆ ಮಾತು ನಿಲ್ಲಿಸುತ್ತಾಳೆ.

ದೊಡ್ಡಮ್ಮ ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ. ಮಗುವನ್ನು ಎತ್ತಿಕೊಳ್ಳುತ್ತಾರೆ. "ಹೊರಡು ನೀನು. ಹೊತ್ತಾಯ್ತು."

ಅವರು ಮಾತು ಕೊಡದಿರುವುದಕ್ಕೆ ಕಾರಣವಿದೆ. ಈ ಮನೆಗೆ ಒಂದೇ ಒಂದು ನಿಯಮ: ಮಗು ಒಂದು ಗಂಟೆ ಬಿಡದೆ ಅತ್ತರೆ ತಾಯಿಗೆ ಫೋನ್ ಹೋಗಬೇಕು. ತಾಯಿ ಯಾರೇ ಇರಲಿ, ಎಲ್ಲೇ ಇರಲಿ.

ದೊಡ್ಡಮ್ಮ ಒಂದು ಕಾಲದಲ್ಲಿ ಇದೇ ಕಾರ್ಖಾನೆಯಲ್ಲಿದ್ದವರು. ಆಗ ಅವರ ಮಗಳಿಗೆ ಒಂದೂವರೆ ವರ್ಷ. ಒಂದು ವರ್ಷದಲ್ಲಿ ಆ ಮಗುವನ್ನು ಹನ್ನೊಂದು ಮನೆಗಳಲ್ಲಿ ಬಿಟ್ಟಿದ್ದರಂತೆ. "ಹನ್ನೆರಡನೇ ಮನೆ ಹುಡುಕೋ ಬದಲು ನಮ್ಮನೇನೇ ಹನ್ನೆರಡನೇದು ಮಾಡಿದೆ. ನನ್ನ ಜೊತೆ ಕೆಲಸ ಮಾಡ್ತಿದ್ದೋರೇ ತಮ್ಮ ಮಕ್ಕಳನ್ನೂ ತಂದು ಬಿಟ್ರು." ಮೂರನೆಯ ವರ್ಷ ಒಬ್ಬ ಹುಡುಗ ಬೆಳಗಿನಿಂದ ಅಳುತ್ತಿದ್ದ. ಅವನ ತಾಯಿಯೂ ಹೊಸದಾಗಿ ಕೆಲಸಕ್ಕೆ ಸೇರಿದವಳು. ಪಾಪ ಅನ್ನಿಸಿ ದೊಡ್ಡಮ್ಮ ಕರೆಸಲಿಲ್ಲ. ಹಟ ಮಾಡುತ್ತಿದ್ದಾನೆ ಅಂದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಕಿವಿಯಿಂದ ಕೀವು ಬಂತು. ಹುಡುಗ ಹುಷಾರಾದ, ಆದರೆ ಆ ಕಿವಿ ಮಂದವಾಗಿಯೇ ಉಳಿಯಿತು.

"ಆ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ," ಎಂದು ಹೇಳಿ ದೊಡ್ಡಮ್ಮ ಎದ್ದು ಹೋಗುತ್ತಾರೆ. ಈ ಸಲ ವಾಪಸು ಬಂದವರು ಆ ಮಾತನ್ನು ಮುಂದುವರಿಸುವುದಿಲ್ಲ.

ಹತ್ತು ಗಂಟೆಯವರೆಗೆ ಎಲ್ಲ ಸುಸೂತ್ರ. ಸುಸೂತ್ರ ಅಂದರೆ ಹದಿಮೂರು ಸಲ ಬಟ್ಟೆ ಬದಲು, ಎರಡು ಕಚ್ಚಾಟ, ಬಕೆಟ್ಟಿಗೆ ಬಿದ್ದ ಒಂದು ಕನ್ನಡಕ (ಯಜಮಾನರದು), ಕಿವುಚಿದ ಬಾಳೆಹಣ್ಣು ಮೆತ್ತಿಕೊಂಡ ಒಂದು ಗೋಡೆ. ಹತ್ತೂಕಾಲಿಗೆ ನಿದ್ದೆಯ ಹೊತ್ತು. ದೊಡ್ಡಮ್ಮ ಕಪಾಟಿನಿಂದ ನಿದ್ದೆಬಟ್ಟೆಗಳ ಡಬ್ಬಿ ಇಳಿಸುತ್ತಾರೆ.

ನಿದ್ದೆಬಟ್ಟೆ ಈ ಮನೆಯ ಪದ, ಈ ಮನೆಯದೇ ಉಪಾಯ. ಪ್ರತಿ ತಿಂಗಳ ಮೊದಲ ದಿನ ತಾಯಂದಿರು ತಾವು ನಾಲ್ಕು ದಿನ ತಲೆಯಡಿ ಇಟ್ಟುಕೊಂಡು ಮಲಗಿದ ಒಂದು ತುಂಡು ಬಟ್ಟೆ ತಂದುಕೊಡುತ್ತಾರೆ. ಮಲಗುವಾಗ ಅದು ಮಗುವಿನ ಕುತ್ತಿಗೆಯ ಸುತ್ತ ಇರಬೇಕು. ತಿಂಗಳು ಮುಗಿಯುವ ತನಕ ಅದಕ್ಕೆ ನೀರು ತಾಕಿಸುವಂತಿಲ್ಲ, ಅಮ್ಮನ ವಾಸನೆ ಹೋಗಿಬಿಡುತ್ತದೆ.

ಡಬ್ಬಿಯ ಮುಚ್ಚಳ ತೆರೆದ ದೊಡ್ಡಮ್ಮ ಹಾಗೇ ನಿಲ್ಲುತ್ತಾರೆ. ಒಳಗೆ ಏಳು ಬಟ್ಟೆ, ಏಳೂ ಬೆಳ್ಳಗೆ, ಇಸ್ತ್ರಿ ಹಾಕಿ ಮಡಿಸಿದ್ದು. ಮಲ್ಲಿಗೆ ಪರಿಮಳದ ಸೋಪಿನ ವಾಸನೆ ಇಡೀ ಕೋಣೆಗೆ ಹರಡುತ್ತದೆ.

"ರೀ."

"ನಿನ್ನೆ ರಜಾ ಇತ್ತಲ್ಲ, ಸುಮ್ನೆ ಕೂತಿದ್ದೆ," ಎನ್ನುತ್ತಾರೆ ಯಜಮಾನರು. "ಒಂದೊಂದೂ ಎಷ್ಟು ಕೊಳೆ ಇತ್ತು ಗೊತ್ತಾ? ಎರಡು ಸಲ ನೆನೆಸಿದೆ."

"ಮೂವತ್ತು ವರ್ಷ ಮನೇಲಿ ಒಂದು ಕರ್ಚೀಫ್ ಒಗೀಲಿಲ್ಲ ನೀವು. ಒಗೆಯೋಕೆ ಇದೇ ಸಿಕ್ತಾ ನಿಮಗೆ?"

ಯಜಮಾನರ ಮುಖ ಇಳಿದುಹೋಗುತ್ತದೆ. ಬೈಯಲು ದೊಡ್ಡಮ್ಮನಿಗೂ ಪುರುಸೊತ್ತಿಲ್ಲ, ಬೇರೆ ದಾರಿಯಿಲ್ಲದೆ ಆ ಬಟ್ಟೆಗಳನ್ನೇ ಮಕ್ಕಳ ಕುತ್ತಿಗೆಗೆ ಸುತ್ತುತ್ತಾರೆ. ಒಂದಾದ ಮೇಲೊಂದು ಏಳೂ ಮಕ್ಕಳು ಶುರುಮಾಡಿವೆ. ಒಂದನ್ನು ತೊಡೆಯ ಮೇಲೆ, ಒಂದನ್ನು ಹೆಗಲ ಮೇಲೆ, ಒಂದಕ್ಕೆ ಬೆನ್ನು ತಟ್ಟುತ್ತಾ, ಇನ್ನೊಂದರ ಪಾದ ತೀಡುತ್ತಾ ಅವರು ಅರ್ಧ ಗಂಟೆಯಲ್ಲಿ ಆರನ್ನು ಮಲಗಿಸುತ್ತಾರೆ. ಉಳಿದದ್ದು ಬೇಡಮ್ಮ.

ಅವಳು ಅಳಲು ಶುರುಮಾಡಿದ್ದು ಹತ್ತೂ ಇಪ್ಪತ್ತಕ್ಕೆ. ಗೋಡೆ ಗಡಿಯಾರ ನೋಡಿ ದೊಡ್ಡಮ್ಮನೇ ಹೇಳಿದ್ದು. ಈಗ ಹತ್ತೂ ಐವತ್ತು. ಹಣೆ ಮುಟ್ಟಿ ನೋಡುತ್ತಾರೆ, ಜ್ವರವಿಲ್ಲ. ಕಿವಿಯ ಹಿಂದೆ ಒತ್ತುತ್ತಾರೆ, ಅಳು ಜೋರಾಗುವುದಿಲ್ಲ. ಹೊಟ್ಟೆ, ವಸಡು, ಕಂಕುಳು. ಕೊನೆಗೆ ಹತ್ತೂ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾರೆ. ಬೆರಳಿಗೆ ಕೂದಲೆಳೆ ಬಿಗಿಯಾಗಿ ಸುತ್ತಿಕೊಂಡರೂ ಮಗು ಹೀಗೇ ಅಳುತ್ತದಂತೆ. ಅದೂ ಇಲ್ಲ.

ಅಳುವಿನ ನಡುವೆ ಬೇಡಮ್ಮ ಒಂದು ಮಾತು ಹೇಳುತ್ತಿದ್ದಾಳೆ. ಇಂದು ಅದು ಬೇಡ ಅಲ್ಲ.

"ತೆಗಿ! ತೆಗಿ!"

"ಬಾಗಿಲು ತೆಗಿ ಅಂತಿದಾಳೆ ಕಣೇ," ಎಂದು ಯಜಮಾನರು ಓಡಿಹೋಗಿ ಬಾಗಿಲು ತೆಗೆಯುತ್ತಾರೆ. ಓಣಿ ತೋರಿಸುತ್ತಾರೆ. ಅಳು ಇಮ್ಮಡಿಯಾಗುತ್ತದೆ. ಬಾಗಿಲು ಮುಚ್ಚಿ ಕಿಟಕಿ ತೆಗೆಯುತ್ತಾರೆ. ಬಿಸ್ಕತ್ತಿನ ಡಬ್ಬಿ ತೆಗೆಯುತ್ತಾರೆ. ಕಪಾಟು, ಛತ್ರಿ, ತಮ್ಮ ಹಳೆಯ ಟಿಕೆಟ್ ಚೀಲ. ಮನೆಯಲ್ಲಿ ತೆಗೆಯಬಹುದಾದದ್ದನ್ನೆಲ್ಲ ತೆಗೆದಾಗಿದೆ.

"ತೆಗಿ!"

"ಇನ್ನೇನು ತೆಗೀಲಮ್ಮ, ನನ್ನ ಹಲ್ಲಿನ ಸೆಟ್ಟಾ?" ಎಂದವರು ನಿಜಕ್ಕೂ ತೆಗೆದು ತೋರಿಸುತ್ತಾರೆ. ಬೇರೆ ದಿನವಾದರೆ ಅವಳು ನಗುತ್ತಿದ್ದಳೇನೋ.

ಹನ್ನೊಂದು ಗಂಟೆ. ದೊಡ್ಡಮ್ಮ ಫೋನನ್ನು ಮೇಜಿನಿಂದ ತಂದು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಮಗುವಿನ ಕುತ್ತಿಗೆಯಿಂದ ಜಾರಿದ ನಿದ್ದೆಬಟ್ಟೆಯನ್ನು ಮತ್ತೆ ಮತ್ತೆ ಸರಿಯಾಗಿ ಸುತ್ತುತ್ತಾರೆ. ಒಗೆದದ್ದಾದರೂ ಅಮ್ಮನ ಬಟ್ಟೆಯಲ್ಲವೇ, ಸ್ವಲ್ಪವಾದರೂ ಅವಳ ವಾಸನೆ ಉಳಿದಿರಬಹುದು ಎಂಬ ಆಸೆ.

"ಇವತ್ತೊಂದಿನ ಕಾಯೋಣ ಕಣೇ," ಎನ್ನುತ್ತಾರೆ ಯಜಮಾನರು ಮೆಲ್ಲಗೆ. "ಜ್ವರ ಇಲ್ಲ, ಏನಿಲ್ಲ. ತಪ್ಪು ನನ್ನದು. ಪಾಪ, ಆ ಹುಡುಗಿ ಕೆಲಸ ಹೋಗುತ್ತೆ."

"ಆವತ್ತೂ ಜ್ವರ ಇರ್ಲಿಲ್ಲ."

ಹನ್ನೊಂದೂ ಹತ್ತು. ದೊಡ್ಡಮ್ಮ ನಿಂತು ಮಗುವನ್ನು ತೂಗುತ್ತಾರೆ, ಕೂರುತ್ತಾರೆ, ಮತ್ತೆ ಏಳುತ್ತಾರೆ. ಯಜಮಾನರು ಮಲಗಿದ ಆರು ತಲೆಗಳನ್ನು ಸುಮ್ಮಸುಮ್ಮನೆ ಮೂರು ಸಲ ಎಣಿಸುತ್ತಾರೆ. ದೊಡ್ಡಮ್ಮನ ಹೆಬ್ಬೆರಳು ಫೋನಿನ ಮೇಲಿದೆ. ತಾಯಿಯ ನಂಬರು ತೆರೆದಿಟ್ಟಿದ್ದಾರೆ, ಒತ್ತುವುದೊಂದೇ ಬಾಕಿ.

ಬೇಡಮ್ಮ ಕಾಲು ಝಾಡಿಸಿದ ರಭಸಕ್ಕೆ ನೀರಿನ ಲೋಟ ಉರುಳುತ್ತದೆ. ನೀರು ಮಲಗಿದ ಮಕ್ಕಳ ಹಾಸಿಗೆಯತ್ತ ಹರಿಯುತ್ತದೆ. ಒರೆಸಲು ಕೈಗೆ ಬೇರೇನೂ ಸಿಗುವುದಿಲ್ಲ. ದೊಡ್ಡಮ್ಮ ಮಗುವಿನ ಕುತ್ತಿಗೆಯಿಂದ ಬಟ್ಟೆಯನ್ನು ಸರ್ರನೆ ಎಳೆದು ನೀರಿನ ಮೇಲೆ ಒತ್ತುತ್ತಾರೆ.

ಅಳು ನಿಲ್ಲುತ್ತದೆ.

ಒಂದು ಬಿಕ್ಕು. ಇನ್ನೊಂದು. ಬೇಡಮ್ಮ ನೆಲದ ಮೇಲಿನ ಒದ್ದೆ ಬಟ್ಟೆಯನ್ನು ನೋಡುತ್ತಾಳೆ. "ಹೋಯ್ತು," ಎನ್ನುತ್ತಾಳೆ. ಮೂಗನ್ನು ದೊಡ್ಡಮ್ಮನ ಕುತ್ತಿಗೆಯ ಬೆವರಿನಲ್ಲಿ ಹುದುಗಿಸುತ್ತಾಳೆ. ನಾಲ್ಕು ನಿಮಿಷದೊಳಗೆ ಅವಳ ಕೈ ಸಡಿಲವಾಗಿ ಜೋತುಬೀಳುತ್ತದೆ.

ಗಡಿಯಾರದಲ್ಲಿ ಹನ್ನೊಂದೂ ಹದಿನೇಳು. ಅಳು ನಿಂತದ್ದು ಹನ್ನೊಂದೂ ಹದಿಮೂರಕ್ಕೆ.

ದೊಡ್ಡಮ್ಮ ಮಗುವನ್ನು ಅಲುಗಿಸದೆ ಒದ್ದೆ ಬಟ್ಟೆಯನ್ನೆತ್ತಿ ಮೂಸುತ್ತಾರೆ. ಆಮೇಲೆ ಪಿಸುಗುಡುತ್ತಾರೆ. "ಬಾಗಿಲು ತೆಗಿ ಅಂತಲ್ಲ ರೀ. ಇದನ್ನ ತೆಗಿ ಅಂತ. ಪರಿಮಳ ತಲೆಗೆ ಹತ್ತಿದೆ ಮಗೂಗೆ. ಅದು ತೆಗಿ ತೆಗಿ ಅಂದಷ್ಟೂ ನಾನು ಸುತ್ತಿ ಸುತ್ತಿ ಕಟ್ತಾ ಇದ್ದೆ."

ಯಜಮಾನರು ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ.

"ಇಪ್ಪತ್ತೆರಡು ವರ್ಷ," ಎನ್ನುತ್ತಾರೆ ದೊಡ್ಡಮ್ಮ, ನಮ್ಮ ಕಡೆ ತಿರುಗಿ. "ಬರೀಬೇಡಿ ಅನ್ನಲ್ಲ, ಬರ್ಕೊಳ್ಳಿ. ಕನ್ನಡದಲ್ಲೇ ಹೇಳಿದ್ಲು. ನನಗೆ ತಿಳೀಲಿಲ್ಲ."

ಎರಡು ಗಂಟೆ ಎಂಟು ನಿಮಿಷಕ್ಕೆ ಬೇಡಮ್ಮನ ತಾಯಿ ಓಡಿಕೊಂಡು ಬರುತ್ತಾಳೆ. ತಲೆಯ ಮೇಲಿನ ಕೂದಲಿನ ಬಲೆಯನ್ನೂ ಕಳಚಿಲ್ಲ. ಕೈಯಲ್ಲಿ ಫೋನು. ಬಾರದ ಕರೆಯನ್ನು ಈಗಲೂ ನಂಬದವಳಂತೆ ಅದನ್ನೇ ನೋಡುತ್ತಾಳೆ.

"ಅತ್ಲಾ?"

ದೊಡ್ಡಮ್ಮ ಏನನ್ನೂ ಮುಚ್ಚಿಡುವುದಿಲ್ಲ. "ಐವತ್ಮೂರು ನಿಮಿಷ." ಬಟ್ಟೆಯ ಕಥೆಯನ್ನು ಮೊದಲಿಂದ ಹೇಳುತ್ತಾರೆ. ಯಜಮಾನರು ಒಳಗಿನಿಂದಲೇ, "ತಪ್ಪಾಯ್ತಮ್ಮ," ಎನ್ನುತ್ತಾರೆ.

ತಾಯಿ ಹೊಸ್ತಿಲ ಮೇಲೆ ಕೂತುಬಿಡುತ್ತಾಳೆ. ತುಟಿ ಅಲ್ಲಾಡಿಸಿ ಲೆಕ್ಕ ಹಾಕುತ್ತಾಳೆ. "ಏಳು ನಿಮಿಷ ಇತ್ತಾ? ಅದೂ ಆಗಿದ್ರೆ ಫೋನ್ ಮಾಡ್ತಿದ್ರಾ ದೊಡ್ಡಮ್ಮ?"

"ಮಾಡ್ತಿದ್ದೆ ಮಗಳೇ. ನಿನ್ನ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೇ ಮಾಡ್ತಿದ್ದೆ."

ಅವಳು ತಲೆಯ ಬಲೆಯನ್ನು ಕಳಚಿ ಮುದುಡಿ ಕೈಯಲ್ಲಿ ಹಿಡಿಯುತ್ತಾಳೆ. ಕೋಪ ಬಂದಿದೆಯೋ ಅಳು ಬರುತ್ತಿದೆಯೋ ಗೊತ್ತಾಗುವುದಿಲ್ಲ. ಆಮೇಲೆ ಎದ್ದು ಮಗುವನ್ನು ಎತ್ತಿಕೊಳ್ಳುತ್ತಾಳೆ.

"ಸರಿ. ನಾಳೆನೂ ಹಾಗೇ ಮಾಡಿ. ಒಂದು ಗಂಟೆ ಆದ್ರೆ ಕರೀರಿ. ನೀವು ಕರೀತೀರ ಅನ್ನೋ ಧೈರ್ಯದ ಮೇಲೇನೇ ನಾನು ಅಲ್ಲಿ ನಿಂತು ಬ್ರೆಡ್ ಕಟ್ಟೋದು."

ಅವಳು ಹೋದ ಮೇಲೆ ಉಳಿದ ತಾಯಂದಿರು ಇಬ್ಬಿಬ್ಬರಾಗಿ ಬರುತ್ತಾರೆ. ಹತ್ತು ನಿಮಿಷ ತಡ, ಇಪ್ಪತ್ತು ನಿಮಿಷ ತಡ. ಒಬ್ಬಳ ಕೈಯಲ್ಲಿ ತರಕಾರಿ ಚೀಲ, ಇನ್ನೊಬ್ಬಳು ಯಾವುದೋ ಹಾಳು ಹರಟೆಗೆ ಇನ್ನೂ ನಗುತ್ತಿದ್ದಾಳೆ. ದೊಡ್ಡಮ್ಮ ಒಬ್ಬೊಬ್ಬರಿಗೂ ಗದರುತ್ತಲೇ ಮಕ್ಕಳ ಚೀಲ ಕೊಡುತ್ತಾರೆ. ಕೊನೆಯ ಮಗು ಹೋದಾಗ ಮೂರಕ್ಕೆ ಹತ್ತು ನಿಮಿಷ. ಬೆಳಗಿನಿಂದ ಮೊದಲ ಬಾರಿಗೆ ಅವರು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಏನಾದರೂ ಆಸೆಯಿದೆಯೇ ಎಂದರೆ ಮೊಣಕಾಲು ನೀವಿಕೊಳ್ಳುತ್ತಾ ಯೋಚಿಸುತ್ತಾರೆ.

"ಖಾಯಂ ಆದೋರನ್ನ ನೋಡಿದ್ರಲ್ಲ, ಹೇಗೆ ಆರಾಮಾಗಿ ಬರ್ತಾರೆ. ಆ ಹುಡುಗಿ ಮಾತ್ರ ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ದಿನಾ ಓಡ್ಕೊಂಡೇ ಬರ್ತಾಳೆ. ಒಂದಿನ ಅವಳೂ ಅರ್ಧ ಗಂಟೆ ಲೇಟಾಗಿ ಬರ್ಬೇಕು. ಚೀಲ ಹಿಡ್ಕೊಂಡು, ನಗಾಡ್ಕೊಂಡು. ನಾನು ಬಾಗಿಲಲ್ಲಿ ನಿಂತ್ಕೊಂಡು ಚೆನ್ನಾಗಿ ಬೈಬೇಕು. ಅಷ್ಟಾದ್ರೆ ಸಾಕು."