ರಾಯಲ್ಪಾಡಿನ ಒಂದೇ ರಿಂಗು

೨೦೦೪ನೆಯ ಇಸವಿ, ನನಗಾಗ ನಲವತ್ತಾರು ವರ್ಷ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಲ್ಲಿ ಬಾಡಿಗೆಗೆ ಹಿಡಿದ ಕೋಣೆಯ ಮುಂದಿನ ಜಗಲಿಯಲ್ಲಿ ಕುಳಿತರೆ ನನ್ನ ಫೋನು ಆಂಧ್ರಕ್ಕೆ ಸ್ವಾಗತ ಕೋರುತ್ತಿತ್ತು. ಎದ್ದು ಹಿತ್ತಲಿಗೆ ಹೋದರೆ ಕರ್ನಾಟಕಕ್ಕೆ. ಗದಗದಲ್ಲಿ ವ್ಯಾಕರಣ ಕಲಿಸುತ್ತಿದ್ದ ನಾನು, ಶಾಲೆ ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತು, ಫೋನುಗಳ ತಂತ್ರಾಂಶ ಪರೀಕ್ಷಿಸುವ ಕೆಲಸ ಹಿಡಿದಿದ್ದೆ. ಕಂಪನಿ ನನ್ನನ್ನು ಈ ಗಡಿಗೆ ಕಳುಹಿಸಿತ್ತು.

ನಮ್ಮಲ್ಲಿ ರೊಟ್ಟಿಯನ್ನು ಅಗಿಯುತ್ತೇವೆ. ಇಲ್ಲಿ ಮುದ್ದೆಯನ್ನು ಅಗಿದರೆ ನಗುತ್ತಾರೆ. ನಮ್ಮಲ್ಲಿ ಫೋನಿರುವುದು ಮಾತಿಗೆ. ಇಲ್ಲಿ ಅದು ಕರೆಗಂಟೆ. ಟೊಮೆಟೊ ಗಾಡಿಯವನು ಕ್ರಾಸಿಗೆ ಬಂದೊಡನೆ ಒಂದೇ ರಿಂಗು ಕೊಟ್ಟು ಕತ್ತರಿಸುತ್ತಾನೆ. ಯಾರೂ ಫೋನು ಎತ್ತುವುದಿಲ್ಲ. ರೈತರು ಟೊಮೆಟೊ ಬಾಕ್ಸು ಹೊತ್ತು ಕ್ರಾಸಿಗೆ ಓಡುತ್ತಾರೆ.

ಪರೀಕ್ಷೆಗೆಂದು ಮನೆಯೊಡತಿ ಮುನಿಯಮ್ಮನವರಿಗೆ ನಾನು ಕೊಟ್ಟಿದ್ದ ಫೋನು ಒಂದು ಬೆಳಿಗ್ಗೆ ಸದ್ದು ಮಾಡಲಿಲ್ಲ, ಗಾಡಿ ಹೊರಟುಹೋಯಿತು.

"ಏಮಿ ಸಾರೂ," ಎಂದರು. ಅವರು ತೆಲುಗಿನಲ್ಲಿ 'ಏನು' ಎಂದರೆ ಕೋಪ ಬಂದಿದೆ ಎಂದು ಆಗಲೇ ಕಲಿತಿದ್ದೆ. "ನಿಮ್ ಫೋನ್‌ಗೆ ಬಾಯಿ ಬಿದ್ದೋಯ್ತಾ? ಟಮಾಟ ಎಲ್ಲಾ ಹಂಗೇ ಐತೆ. ನಾಳೆನೂ ಹಿಂಗಾದ್ರೆ ಇದನ್ನ ತಿಪ್ಪೇಗೆ ಎಸೀತೀನಿ, ನೀವು ಬೇರೆ ಮನೆ ನೋಡ್ಕೊಳ್ಳಿ!"

ಪರದೆಯ ಮೇಲೆ ಕರೆ ಬಂದ ಗುರುತಿತ್ತು, ಬಾರದಿದ್ದುದು ಸದ್ದು. ಫೋನಿನ ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ ಎಂಬುದು ಒಳಗಿನ ಕೆಲಸಗಳಿಗೆ ಸರದಿ ಹಂಚುವ ಮೇಲ್ವಿಚಾರಕ. ಅಲ್ಲಿ ತಡವಾಗಿ ಮಾಡಿದ ಸರಿಯೂ ತಪ್ಪೇ. ಗಡಿಯಲ್ಲಿ ಎರಡು ರಾಜ್ಯಗಳ ಟವರು ಹುಡುಕುವ ಕೆಲಸಕ್ಕೆ ಅದು ಮೊದಲ ಸರದಿ ಕೊಟ್ಟು, ರಿಂಗನ್ನು ಕಾಯಿಸುತ್ತಿತ್ತು. ಅಷ್ಟರಲ್ಲಿ ಗಾಡಿಯವನು ಕರೆ ಕತ್ತರಿಸಿರುತ್ತಿದ್ದ. ಬೆಂಗಳೂರಿನ ಪರೀಕ್ಷಾ ಕೊಠಡಿಯಲ್ಲಿ ಎಲ್ಲರೂ ಕರೆ ಮಾಡಿ ಆ ಕಡೆಯವರು ಎತ್ತುವವರೆಗೆ ಕಾಯುತ್ತಿದ್ದುದರಿಂದ ದೋಷ ಅಲ್ಲಿ ಕಾಣಲೇ ಇಲ್ಲ.

ನನ್ನ ವರದಿ ಓದಿ ಮ್ಯಾನೇಜರರು ಕರೆ ಮಾಡಿದರು. "ಮೇಷ್ಟ್ರೇ, ಒಂದ್ ರಿಂಗ್‌ಗೆ ಕಟ್ ಮಾಡೋದೂ ಒಂದ್ ಕಾಲ್ ಏನ್ರೀ? ಸಿಗ್ನಲ್ ವೀಕ್ ಅಂತ ಬರೆದು ವಾಪಸ್ ಬನ್ನಿ."

"ಬರಿಯಂಗಿಲ್ರೀ. ಸಿಗ್ನಲ್ ಬಂದೈತಿ, ನಿಮ್ಮ ಫೋನ್ ಮಲಗೇತಿ."

"ಕೆಲಸ ಹೋಗತ್ತೆ ನೋಡಿ."

"ಹೋಗ್ಲಿ. ನಾ ಇಲ್ಲೇ ಇರ್ತೇನಿ. ನೀವ ಬಂದು ಈ ಜಗಲಿ ಮ್ಯಾಲೆ ಕುಂತು ಕೇಳ್ರಿ."

ಅವರು ಬಂದರು. ಜಗಲಿಯಲ್ಲಿ ಮುದ್ದೆ ಅಗಿಯುತ್ತ ಕುಳಿತಿದ್ದಾಗಲೇ ಗಾಡಿ ಬಂದು ಹೋಯಿತು. ಪಕ್ಕದಲ್ಲಿದ್ದ ಮುನಿಯಮ್ಮನವರ ಫೋನು ಮಿಸುಕಲಿಲ್ಲ.

"ಇವಾಗ ಬಾಕ್ಸ್ ನೀವೇ ಹೊತ್ಕೊಂಡ್ ಹೋಗಿ ಸಾರ್, ಟಮಾಟ ಮಂಡಿಗೆ!" ಎಂದರು ಮುನಿಯಮ್ಮ. ಮ್ಯಾನೇಜರರು ಸರದಿ ಬದಲಿಸಿ ರಿಂಗಿಗೆ ಮೊದಲ ಸ್ಥಾನ ಕೊಡಲು ಒಪ್ಪಿದರು.

ಗದಗಕ್ಕೆ ಹೋದರೆ ನನ್ನ ಮಾತಿಗೆ ತೆಲುಗು ಅಂಟಿದೆ ಎನ್ನುತ್ತಾರೆ. ಇಲ್ಲಿ ನಾನು ಇಂದಿಗೂ 'ಆ ಕಡೆ ಸಾರು'. ಎರಡನ್ನೂ ತಿದ್ದಲು ಹೋಗಿಲ್ಲ, ಹೋಗುವುದೂ ಇಲ್ಲ. ಹೊಸ ತಂತ್ರಾಂಶ ತುಂಬಿದ ಫೋನು ಒಂದೇ ರಿಂಗಿಗೆ ಕೂಗಿ, ಮುನಿಯಮ್ಮನವರು ನನ್ನತ್ತ ತಿರುಗಿಯೂ ನೋಡದೆ ಬಾಕ್ಸು ಹೊತ್ತು ಓಡಿದ್ದು ೨೦೦೫ನೆಯ ಇಸವಿಯ ಮಾರ್ಚ್ ೧೪, ಸೋಮವಾರ.