ಅದಲುಬದಲಾದ ಎರಡು ಸ್ವಿಚ್ಚುಗಳು

ತಿಕೋಟಾದಲ್ಲಿರುವ ಅಕ್ಕನ ಒಣದ್ರಾಕ್ಷಿ ಶೆಡ್ಡಿಗೆ ಕ್ಯಾಮರಾ ಹಾಕುವ ಕೆಲಸವನ್ನು ಯಾರೂ ನನಗೆ ವಹಿಸಿರಲಿಲ್ಲ. ನಾನೇ ಮೈಮೇಲೆ ಎಳೆದುಕೊಂಡೆ. ವಿಜಯಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು ನಾನು; ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿದ ಮೇಲೆ, ನೆಟ್‌ವರ್ಕ್ ವಿಷಯದಲ್ಲಿ ತಿಳಿಯಬೇಕಾದ್ದು ಇನ್ನೇನೂ ಉಳಿದಿಲ್ಲ ಅನ್ನಿಸಿತ್ತು.

ಗೋಳಗುಮ್ಮಟದ ಹತ್ತಿರದ ಅಂಗಡಿಯಲ್ಲಿ ಕ್ಯಾಮರಾಗಳ ಜೊತೆಗೆ ಎರಡು ಸ್ವಿಚ್ಚು ಕೊಂಡೆ. ಹಲವು ಕೇಬಲ್ಲುಗಳನ್ನು ಒಂದೆಡೆ ಕೂಡಿಸುವ ಪೆಟ್ಟಿಗೆಗಳು ಅವು. ಒಂದು ಶೆಡ್ಡಿಗೆ, ಒಂದು ನಮ್ಮ ಮನೆಗೆ. ಒಂದು ಸಾದಾ. ಇನ್ನೊಂದರ ಮೇಲೆ ಪಿಒಇ ಎಂದಿತ್ತು. ಅದರಲ್ಲಿ ‘ಪವರ್’ ಇದೆ ಎಂದು ಅಂಗಡಿಯವರು ಶುರುಮಾಡಿದರು. ಮುಂದಿನದನ್ನು ಕೇಳುವ ತಾಳ್ಮೆ ನನಗೆಲ್ಲಿ? ಪವರ್ ಅಂದರೆ ಇಂಟರ್ನೆಟ್ ಜೋರಾಗಿ ಓಡುತ್ತದೆ ಎಂದುಕೊಂಡು ಅದನ್ನು ನಮ್ಮ ಟಿವಿ ಕೆಳಗೆ ಇಟ್ಟೆ. ವೇಗ ಏನೂ ಹೆಚ್ಚಲಿಲ್ಲ. ಒಳಗಿನ ಫ್ಯಾನು ಮಾತ್ರ ಗುಂಯ್‌ಗುಡತೊಡಗಿತು.

“ಏನ್ರೀ ಇದು, ಪಡಸಾಲ್ಯಾಗ ಹಿಟ್ಟಿನ ಗಿರಣಿ ಇಟ್ಟೀರಿ?” ಎಂದಳು ಹೆಂಡತಿ.

“ಪವರ್ ಇದ್ದದ್ದು ಸಪ್ಪಳ ಮಾಡತೈತಿ,” ಎಂದೆ.

ಭಾನುವಾರ ತಿಕೋಟಾಕ್ಕೆ ಹೋಗಿ, ಏಣಿ ಹತ್ತಿ ಕ್ಯಾಮರಾ ಬಿಗಿದು, ಕೇಬಲ್ ಎಳೆದು ಸಾದಾ ಸ್ವಿಚ್ಚಿಗೆ ಜೋಡಿಸಿದೆ. ಒಂದು ಕ್ಯಾಮರಾವೂ ಕಣ್ಣು ಬಿಡಲಿಲ್ಲ.

“ತಮ್ಮಾ, ಇವಕ್ಕ ಕರೆಂಟ್ ಎಲ್ಲಿಂದ ಬರತೈತಿ?” ಅಕ್ಕ ಕೇಳಿದಳು.

“ಇದ ಕೇಬಲಿನಾಗ ಅಕ್ಕಾ. ವಿಡಿಯೊದಾಗ ನೋಡೇನಿ.”

“ಮತ್ತ ಯಾಕ ಬರವಲ್ದು?”

ಅಂಗಡಿಗೆ ಫೋನ್ ಮಾಡಿದೆ.

“ಸರ್, ಕೇಬಲಿನಾಗ ಕರೆಂಟ್ ಕಳಸೂ ಸ್ವಿಚ್ ಕೊಟ್ಟಿದ್ನೆಲ್ರಿ, ಅದನ್ನ ಎಲ್ಲಿ ಹಾಕೀರಿ?”

“ನಮ್ಮ ಮನ್ಯಾಗ. ಟಿವಿ ಕೆಳಗ.”

“ಸಾದಾದ್ದು ಡೇಟಾ ಅಷ್ಟ ಕಳಸತೈತ್ರಿ, ಕರೆಂಟ್ ಕೊಡೂದಿಲ್ಲ. ಟಿವಿಗೆ ಅದ ಸಾಕ್ರಿ. ಅದಲಬದಲ ಮಾಡ್ರಿ.”

“ಒಂದ್ ಸಾಮಾನು ಮನ್ಯಾಗ ಉಳದೈತಿ,” ಎಂದಷ್ಟೇ ಅಕ್ಕನಿಗೆ ಹೇಳಿ, ಸಾದಾ ಸ್ವಿಚ್ಚನ್ನು ಚೀಲಕ್ಕೆ ಹಾಕಿಕೊಂಡು ಗಂಭೀರವಾಗಿ ಬೈಕ್ ಹತ್ತಿದೆ. ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡಿದ್ದೆ ಎಂಬುದು ಅರ್ಧ ದಾರಿಯಲ್ಲಿ ಹೊಳೆಯಿತು.

ಮನೆಯಲ್ಲಿ ಪೆಟ್ಟಿಗೆ ಬದಲಾಯಿಸಿದೆ. ಸಾದಾದ್ದರಲ್ಲಿ ಟಿವಿ ಮೊದಲಿನಂತೆಯೇ ಓಡಿತು. ಗಿರಣಿಯ ಸಪ್ಪಳ ನಿಂತಿತೆಂದು ಹೆಂಡತಿ ಹಾಯಾಗಿ ಉಸಿರು ಬಿಟ್ಟಳು.

ಶೆಡ್ಡಿಗೆ ಮರಳಿ ಪಿಒಇ ಜೋಡಿಸಿದ್ದೇ ತಡ, ಕ್ಯಾಮರಾಗಳೆಲ್ಲ ಎದ್ದವು. ಒಂದರ ದಿಕ್ಕು ಸರಿಪಡಿಸಲು ಮತ್ತೆ ಏಣಿ ಹತ್ತಿದೆ. ಅಕ್ಕನ ಮೊಬೈಲಿನಲ್ಲಿ ಮೂಡಿದ ಮೊದಲ ಚಿತ್ರ ನನ್ನದೇ: ಏಣಿಯ ಮೇಲೆ ಬೆನ್ನು ತಿರುಗಿಸಿಕೊಂಡು, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ನಿಂತವನು. ಅವಳು ಅದನ್ನು ಆಗಲೇ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದಳು.

ಬಬಲೇಶ್ವರದ ಸೋದರಮಾವನ ಉತ್ತರ ಬಂತು: “ಕ್ಯಾಮರಾ ಭಾಳ ಚೊಲೊ ಅದಾವ. ನಮ್ಮ ಮನಿಗೂ ಹಾಕಸೂದೈತಿ. ಹಾಕಾಕ ಬ್ಯಾರೆ ಯಾರರ ಸಿಗತಾರೇನು?”