ಪಕ್ಕೀರವ್ವ ದೊಡ್ಡಮ್ಮನ ಬಿಳಿ ಜೀಪು

ನನ್ನ ಅಕ್ಷರಗಳು ಸೊಟ್ಟಗಿವೆ, ದಯವಿಟ್ಟು ಕ್ಷಮಿಸಿ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಸರಿಯಾದ ಮಾತು ಹೊಳೆಯದ ಕಡೆ ಅಳಿಸಿ ಅಳಿಸಿ ಬರೆದಿದ್ದೇನೆ. ಊರಿನ ಯಾರಾದರೊಬ್ಬರ ಬಗ್ಗೆ ಗ್ರಂಥಾಲಯದ ಗೋಡೆಪತ್ರಿಕೆಗೆ ಬರೆದುಕೊಡು ಎಂದು ಅಲ್ಲಿನ ಮೇಲ್ವಿಚಾರಕಿ ವಾಣಿಶ್ರೀ ಅಕ್ಕ ಕೇಳಿದರು. ನಾನು ನನ್ನ ದೊಡ್ಡಮ್ಮ ಪಕ್ಕೀರವ್ವನ ಬಗ್ಗೆ ಬರೆಯುತ್ತಿದ್ದೇನೆ.

ದೊಡ್ಡಮ್ಮನದು ಖಾರ ಕುಟ್ಟುವ ಮಷೀನು. ಕಬ್ಬಿಣದ ಒನಕೆ, ಒರಳು, ಡೀಸೆಲ್ ಎಂಜಿನ್ ಎಲ್ಲವೂ ಒಂದು ಟ್ರೇಲರಿನ ಮೇಲಿವೆ. ಬೇಸಿಗೆಯಲ್ಲಿ ನಮ್ಮ ತಂಬ್ರಹಳ್ಳಿಯಿಂದ ಹೊರಟು ಒಮ್ಮೆ ಮೈಲಾರದ ಕಡೆ, ಒಮ್ಮೆ ಅರಸೀಕೆರೆಯ ಕಡೆ ಊರೂರು ತಿರುಗಿ ವರ್ಷದ ಖಾರ ಕುಟ್ಟಿಕೊಡುತ್ತಾಳೆ. ನಾನು ಜರಡಿ ಹಿಡಿಯುತ್ತೇನೆ. ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಇಡದೆ ಅವಳು ಮಷೀನು ಮುಟ್ಟುವುದಿಲ್ಲ. ಒಮ್ಮೆ ಮರೆತ ದಿನವೇ ಒನಕೆಗೆ ಸಿಕ್ಕಿ ಕಿರುಬೆರಳು ಹೋಯಿತಂತೆ.

ಟ್ರೇಲರ್ ಎಳೆಯುತ್ತಿದ್ದ ಬಾಡಿಗೆ ಟ್ರ್ಯಾಕ್ಟರ್ ಈ ವರ್ಷ ಇಟ್ಟಿಗೆ ಭಟ್ಟಿಗೆ ಹೋಯಿತು. ಸ್ವಂತ ಗಾಡಿ ಇಲ್ಲದಿದ್ದರೆ ಈ ಬೇಸಿಗೆಯ ದುಡಿಮೆಯೇ ಇಲ್ಲ. ದೊಡ್ಡಮ್ಮ ತನ್ನ ಬಂಗಾರದ ಬೋರಮಾಳ ಸರ ಮಾರಿ, ಆ ಟ್ರ್ಯಾಕ್ಟರ್ ಓಡಿಸುತ್ತಿದ್ದ ಹುಲುಗೇಶಣ್ಣನನ್ನೂ ನನ್ನನ್ನೂ ಕರೆದುಕೊಂಡು ಹಗರಿಬೊಮ್ಮನಹಳ್ಳಿಗೆ ಹೋದಳು. ಅಲ್ಲಿ ಪಾಲಾಕ್ಷಪ್ಪನವರು ಹಳೆ ಗಾಡಿಗಳನ್ನು ಮಾರುತ್ತಾರೆ.

ಚೆನ್ನಾಗಿದ್ದ ಬೊಲೆರೊದ ಬೆಲೆ ನಮಗೆ ಎಟುಕಲಿಲ್ಲ. ಮೂಲೆಯಲ್ಲಿ ಒಂದು ಬಿಳಿ ಜೀಪು ನಿಂತಿತ್ತು. ಅದರ ಹಿಂದೆ ಟ್ರೇಲರ್ ಸಿಕ್ಕಿಸುವ ಹುಕ್ ಇತ್ತು. ದೊಡ್ಡಮ್ಮ ಅದನ್ನೇ ಸವರುತ್ತ ನಿಂತಳು.

"ಎಳಿತೈತೇನ್ರಿ ಸಾವ್ಕಾರ್ರ?"

"ಗುಡ್ಡ ಎಳಿತೈತಿ ಪಕ್ಕೀರವ್ವ. ನಿನ್ನ ಒನಕಿ ಏನ್ ಮಹಾ," ಎಂದರು ಪಾಲಾಕ್ಷಪ್ಪ.

ಹುಲುಗೇಶಣ್ಣ ಕೆಳಗೆ ಬಗ್ಗಿ ನೋಡಿದ. ಅಡಿಭಾಗಕ್ಕೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು. "ಟ್ರೇಲರ್ ಕಟ್ಟಿ ನೋಡಬೇಕ್ರಿ. ಬೆನ್ನು ಖಾಲಿ ಇದ್ರ ಕತ್ತೀನೂ ಓಡತೈತಿ."

"ಒಯ್ದು ಕಟ್ಟಿ ನೋಡಪ. ಎಳೀಲಿಲ್ಲ ಅಂದ್ರ ತಂದು ನಿಲ್ಲಸು, ನಿನ್ನ ರೊಕ್ಕ ನಿನಗ."

ದೊಡ್ಡಮ್ಮ ದುಡ್ಡನ್ನು ಅವರ ಕೈಗೆ ಕೊಟ್ಟಳು. ನಾವು ಜೀಪು ತಂದೆವು.

ಮನೆ ಮುಂದೆ ಹುಲುಗೇಶಣ್ಣ ಟ್ರೇಲರ್ ಸಿಕ್ಕಿಸಲು ಹೋದ. ದೊಡ್ಡಮ್ಮ ತಡೆದಳು. "ತಡಿಯಲೇ. ಪೂಜಿ ಇಲ್ಲದ ಗಾಡಿಗೆ ನನ್ನ ಮಷೀನು ಕಟ್ಟಂಗಿಲ್ಲ."

"ಪೂಜಿ ಆಮ್ಯಾಲ ಮಾಡಬೇ. ಮೊದಲು ನೋಡೋಣ."

"ನಿನ್ನ ಬೆರಳು ಹೋಗಿಲ್ಲ, ಅದಕ್ಕ ಮಾತಾಡ್ತಿ. ಕ್ರಾಂತಿ, ನಿಂಬಿಹಣ್ಣು ತಾ."

ನಾನು ತಂದುಕೊಟ್ಟೆ. ಜೀಪಿಗೆ ಅರಿಶಿನ ಕುಂಕುಮ ಹಚ್ಚಿದೆವು. ಗಾಲಿಗಳು ಅಡಿಗಿಟ್ಟ ನಿಂಬೆಹಣ್ಣು ತುಳಿದು ಮುಂದೆ ಹೋದವು. ಆಮೇಲೆ ಟ್ರೇಲರ್ ಕಟ್ಟಿದೆವು.

ಊರ ಹೊರಗಿನ ಏರಿನಲ್ಲಿ ಜೀಪು ನಿಂತುಬಿಟ್ಟಿತು. ಎಂಜಿನ್ ಕಿರುಚುತ್ತಿತ್ತು, ಗಾಲಿ ತಿರುಗಲಿಲ್ಲ. ಸುಟ್ಟ ವಾಸನೆ ಬಂತು. ಹಿಂದೆ ಏನೋ ಟಕ್ ಎಂದಿತು. ಹುಲುಗೇಶಣ್ಣ ಇಳಿದು ನೋಡಿ ನೆಲದ ಮೇಲೆಯೇ ಕುಳಿತ.

"ಕ್ಲಚ್ ಅಷ್ಟ ಸುಟ್ಟಿದ್ರ ಹೊಸಾದು ಹಾಕಿಸಬೌದಿತ್ತು. ಗಾಡಿ ಅಡಿಯ ಚಾಸಿನೇ ಸೀಳೈತಿ, ಬಣ್ಣ ಬಳದು ಮುಚ್ಯಾರ. ಹುಕ್ ಐತಿ ಅಂತ ತಂದ್ವಿ. ಎಳದೆಳದು ಸತ್ತ ಗಾಡಿ ಇದು."

ಟ್ರೇಲರ್ ಬಿಚ್ಚಿ, ಜೀಪನ್ನು ಮೆಲ್ಲಗೆ ವಾಪಸ್ ಒಯ್ದೆವು. ಪಾಲಾಕ್ಷಪ್ಪನವರು ಕುಂಕುಮ ನೋಡಿದರು, ಟೈರಿಗೆ ಮೆತ್ತಿದ್ದ ನಿಂಬೆಸಿಪ್ಪೆ ನೋಡಿದರು.

"ಕಟ್ಟಿ ನೋಡು ಅಂದಿದ್ನೆಲಾ ಪಕ್ಕೀರವ್ವ. ಪೂಜಿ ಮಾಡು ಅಂದಿದ್ನೇನು? ನಿಂಬಿಹಣ್ಣು ತುಳಿದ ಗಾಡಿ ತಿರುಗಿ ಬಂದ್ರ ಅಪಶಕುನ, ಯಾರ್ ತಗೊಂತಾರ? ನೀ ಆದ್ರ ತಗೊಂತಿದ್ದೇನು?"

ಹುಲುಗೇಶಣ್ಣ ಜಗಳಕ್ಕೆ ನಿಂತ. ದೊಡ್ಡಮ್ಮ ಅವನನ್ನು ಹಿಂದಕ್ಕೆ ಸರಿಸಿ, "ಇಲ್ರಿ, ನಾನೂ ತಗೊಂತಿದ್ದಿಲ್ಲ," ಎಂದಳು. ಆಮೇಲೆ ಹುಲುಗೇಶಣ್ಣ ಏನು ಹೇಳಿದರೂ ಉಪಯೋಗವಾಗಲಿಲ್ಲ, ದುಡ್ಡು ವಾಪಸ್ ಸಿಗಲಿಲ್ಲ.

ಜೀಪು ಈಗ ನಮ್ಮ ಮನೆ ಮುಂದಿದೆ. ಅದರ ಮೇಲೆ ನಾವು ಮೆಣಸಿನಕಾಯಿ ಒಣಹಾಕುತ್ತೇವೆ, ನಮ್ಮ ಮನೆಗೆ ಆಗುವಷ್ಟೇ. ನಿನ್ನೆ ಅರಸೀಕೆರೆಯಿಂದ ಫೋನ್ ಬಂತು, ಯಾವಾಗ ಬರ್ತಿ ಎಂದು. "ಈ ಸಲ ಬ್ಯಾರೆ ಕಡಿ ಕುಟ್ಟಿಸ್ಕೊಳ್ರವ್ವ," ಎಂದು ದೊಡ್ಡಮ್ಮ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಒಮ್ಮೆ ಬೇರೆ ಮಷೀನಿಗೆ ಹೋದವರು ಮತ್ತೆ ನಮ್ಮ ಕಡೆ ಬರುವುದು ಕಷ್ಟ.

ನಾಳೆ ನಾನು ಒನಕೆಗಳನ್ನು ಬಿಚ್ಚಿ, ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ, ಗೋಣಿಚೀಲದಲ್ಲಿ ಸುತ್ತಿ ಇಡುತ್ತೇನೆ.